ಎರಡಕ್ಕೆರಡು ಮತ್ತು ಒಂದು ತೆಂಗಿನಕಾಯಿ

ಜಗಳೂರಿನ ಕಡೆಯ ಒಂದು ಶಾಲೆಯಲ್ಲಿ ಆವತ್ತು ಇಂಗ್ಲಿಷಿನ ನುಡಿಗಟ್ಟೊಂದನ್ನು ಹೇಳಿಕೊಟ್ಟಿದ್ದೆ. 'ಎರಡಕ್ಕೆ ಎರಡು ಕೂಡಿಸು' ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸು ಅಂತ. ಎರಡೂ ಎರಡೂ ನಾಲ್ಕು ಅನ್ನೋದು ಎಲ್ಲರಿಗೂ ಗೊತ್ತಿರುವ ಲೆಕ್ಕ, ಮಾತು ಹುಟ್ಟಿದ್ದೂ ಅಲ್ಲಿಂದಲೇ.

ಪಾಠ ಮುಗಿದ ಮೇಲೆ ಶಾಲೆಯವರು ಸನ್ಮಾನ ಮಾಡಿ ಕೊಟ್ಟ ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು, ಫೋನಿಗೆ ಸಿಗ್ನಲ್ ಹುಡುಕುತ್ತಾ ಪಕ್ಕದ ಹೊಲಕ್ಕಿಳಿದೆ. ಸಿಗ್ನಲ್ ಸಿಕ್ಕಲ್ಲಿ ನಿಂತೆ. ಹಿಂದೆಯೇ ಬಂದ ಹೊಲದ ಯಜಮಾನರು ನನ್ನ ಕಾಲ ಬುಡದಲ್ಲೇ ಗೂಟ ಹೊಡೆದರು.

"ಕಾಯಿ ಇಲ್ಲೇ ಎದ್ದು ನಿಂತಿತೇನ್ರಿ? ಎಷ್ಟು ಅಡಿಗೆ ನೀರು ಐತೆ? ಬೋರ್ ಕೊರೆಸಾಕೆ ಹೇಳಿಬಿಡ್ತೀನಿ."

"ಅಯ್ಯೋ, ನಾನು ಕಾಯಿ ಹಿಡಿದು ನೆಲದೊಳಗಿನ ನೀರು ನೋಡೋನಲ್ಲ ರೀ, ಮೇಷ್ಟ್ರು!"

"ಗೊತ್ತಾತು ಬಿಡ್ರಿ. ಹೋದ ಸಲ ಬಂದೋನು ಭಾಳ ಬಡಾಯಿ ಕೊಚ್ಚಿದ್ದ, ಬರೀ ಧೂಳು ಬಂತು. ನಿಜವಾಗ್ಲೂ ಗೊತ್ತಿರೋರು ಹಿಂಗೇ ಇಲ್ಲ ಅಂತಾರೆ."

ಅವರ ಲೆಕ್ಕ ಎಲ್ಲಿ ತಪ್ಪಿತು ಅಂತ ನನಗೆ ಹೊಳೆಯಲೇ ಇಲ್ಲ. ಅವರು ಅತ್ತ ತಿರುಗಿದಾಗ, ಕಾಯಿ ಎದ್ದು ನಿಂತಿದೆಯಾ ಅಂತ ಮೆಲ್ಲಗೆ ಅಂಗೈ ನೋಡಿಕೊಂಡೆ.