ರಾಕೆಟ್ಟಿಗೂ ಒಂದು ನಿಂಬೆಹಣ್ಣು

ಶಿವಮೊಗ್ಗದಲ್ಲಿ ಬಿಕಾಂ ಓದುತ್ತಿದ್ದ ಕಾಲದಲ್ಲಿ ನನಗಿದ್ದದ್ದು ಒಂದೇ ಆಸೆ, ಚಂದ್ರನ ಮೇಲೆ ಕಾಲಿಡಬೇಕು. ಬಿಕಾಂ ಓದಿದವರನ್ನು ಅಲ್ಲಿಗೆ ಕಳಿಸುವುದಿಲ್ಲ ಎಂಬುದು ಗೊತ್ತಿಲ್ಲದ್ದೇನಲ್ಲ. ವಿಜ್ಞಾನ ತೆಗೆದುಕೊಳ್ಳೋಣವೆಂದರೆ ಗಣಿತ ನನ್ನನ್ನು ಹತ್ತಿರ ಸೇರಿಸಿರಲಿಲ್ಲ. ಆದರೂ ಬಾಡಿಗೆ ಪುಸ್ತಕದ ಅಂಗಡಿಗೆ ಕಾದಂಬರಿಯೊಳಗೆ ಕೂತು ಅನ್ಯಗ್ರಹದವರು ಕಾಲಿಟ್ಟರೆ ಮೊದಲು ಬರುತ್ತಿದ್ದದ್ದು ನನ್ನ ಕೈಗೇ. ಸಿಟಿ ಬಸ್ಸಿನಲ್ಲಿ ಓದುತ್ತಾ ಕೂತರೆ ಆಲ್ಕೊಳ ಸರ್ಕಲ್ ಬಂದದ್ದು ತಿಳಿಯುತ್ತಿರಲಿಲ್ಲ. ಪುಸ್ತಕದ ರಟ್ಟು ನೋಡಿ ನೋಡಿ ಕಂಡಕ್ಟರಿಗೂ ಅಭ್ಯಾಸವಾಗಿತ್ತು. "ಇಳ್ಕೊಳ್ಳಮ್ಮ, ನಿಮ್ಮ ಗ್ರಹ ಬಂತು" ಅನ್ನುತ್ತಿದ್ದ.

ಭದ್ರಾವತಿಯಲ್ಲಿ ನನ್ನ ಸೋದರಮಾವನ ವೆಲ್ಡಿಂಗ್ ವರ್ಕ್‌ಶಾಪ್ ಇತ್ತು. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತಿದ್ದರು. ಜಗತ್ತಿನಲ್ಲಿ ಅವರು ಗೌರವಿಸುತ್ತಿದ್ದದ್ದು ಎರಡನ್ನೇ, ಶಿವನನ್ನು ಮತ್ತು ದಪ್ಪ ತಗಡನ್ನು. ಒಂದು ವರ್ಷದ ಮೊದಲಲ್ಲಿ, ಆಕಾಶಕ್ಕೆ ಹೋಗಿದ್ದವರು ಹಿಂದಿರುಗುವ ದಾರಿಯಲ್ಲೇ ಗಗನನೌಕೆ ಒಡೆದು ಇಲ್ಲವಾದ ಸುದ್ದಿ ಟಿವಿಯಲ್ಲಿ ಬಂದಾಗ ನಾನು ಅತ್ತುಬಿಟ್ಟಿದ್ದೆ. ಅವರಲ್ಲೊಬ್ಬಳು ನಮ್ಮ ದೇಶದಲ್ಲೇ ಹುಟ್ಟಿದ ಹೆಣ್ಣುಮಗಳು. ಮಾವ ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. "ಹೊರಡೋ ಮುಂಚೆ ಎಲ್ಲಾ ಭದ್ರವಾಗಿದೆಯಾ ಅಂತ ಯಾರೂ ನೋಡ್ಲಿಲ್ವಾ?" ಎಂದು ಟಿವಿಯನ್ನೇ ಕೇಳಿದರು.

ಅದೇ ವರ್ಷದ ದಸರಾಕ್ಕೆ, ಆಯುಧಪೂಜೆಯ ಸಂಜೆ ಒಂದು ನಾಟಕ ಆಡಿಸಿ ಎಂದು ಮಾವನ ಬೀದಿಯ ಸಂಘದವರು ಕೇಳಿದರು. ನಾನು ಹಿಂದೆ ಮುಂದೆ ನೋಡದೆ ಚಂದ್ರಯಾನದ ನಾಟಕ ಬರೆದೆ. ಯಾತ್ರಿ ನಾನೇ, ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಚಂದ್ರಲೋಕದ ರಾಜ ಮಾವನ ಎದುರುಮನೆಯವರು. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ, ತಮಿಳು ಬೆರೆಸಿ ಕನ್ನಡ ಮಾತಾಡುವ ಮನುಷ್ಯ. ನಾಟಕದಲ್ಲಿ ಮಾತು ಹೆಚ್ಚಿರಲಿಲ್ಲ. ಇದ್ದದ್ದೆಲ್ಲ ಕೊನೆಯ ಒಂದು ಹೆಜ್ಜೆಗಾಗಿ. ರಾಕೆಟ್ಟಿನ ಬಾಗಿಲು ತೆರೆಯಬೇಕು, ನಾನು ಗಾಳಿಯಲ್ಲಿ ತೇಲುವಂತೆ ನಿಧಾನವಾಗಿ ಕಾಲು ಕೆಳಗಿಡಬೇಕು. ಮನೆಯಲ್ಲಿ ದಿಂಬು ಹಾಸಿಕೊಂಡು ಆ ಹೆಜ್ಜೆಯನ್ನು ಎಷ್ಟು ಅಭ್ಯಾಸ ಮಾಡಿದ್ದೆನೆಂದರೆ ಅಮ್ಮ ಕಾಲುನೋವಿನ ಎಣ್ಣೆ ಹಿಡಿದು ಬಂದಿದ್ದಳು. ನಿಜವಾದ ಚಂದ್ರ ನನಗೆ ಸಿಗುವುದಿಲ್ಲ, ಇದೊಂದಾದರೂ ಸಿಗಲಿ ಎಂಬುದು ನನ್ನ ಹಟ.

ರಾಕೆಟ್ಟಿಗೆ ಬಿದಿರು, ಬಣ್ಣದ ಕಾಗದ ಸಾಕು ಎಂದಿದ್ದೆ. ಮಾವನಿಗೆ ಅವಮಾನವಾಯಿತು.

"ಕಾಗದದ ಗಾಡೀಲಿ ನಿನ್ನ ಕೂರಿಸ್ಲಾ? ಹೋಗು ಹೋಗು, ನಾನ್ ಮಾಡ್ತೀನಿ."

ಮಾಡಿದರು. ಆಂಗಲ್ ಕಬ್ಬಿಣದ ಚೌಕಟ್ಟು, ಅದರ ಮೇಲೆ ಟ್ರೇಲರಿಗೆ ಹಾಕುವ ತಗಡು, ತುದಿಯಲ್ಲಿ ನೀರಿನ ಟ್ಯಾಂಕಿನ ಮುಚ್ಚಳ. ಒಳಗೊಂದು ಬೆಂಚು, ಗಾಳಿಗೆ ಸಾಲು ತೂತು. ಬಾಗಿಲಿಗೆ ಗೇಟಿನ ಕೀಲು, ಗೇಟಿನ ಚಿಲಕ. ಜೀವಮಾನವೆಲ್ಲ ಗೇಟು ಮಾಡಿದವರಾದ್ದರಿಂದ ಚಿಲಕ ಹೊರಗಡೆಗೆ ಬಂತು. ಬೀದಿಯ ಗಂಡಸರೆಲ್ಲ ಸೇರಿ ಎತ್ತಿದರೂ ಅದು ನೆಲ ಬಿಡಲಿಲ್ಲ. ರಾಕೆಟ್ಟು ಸ್ಟೇಜಿಗೆ ಹೋಗದ್ದರಿಂದ ಸ್ಟೇಜೇ ವರ್ಕ್‌ಶಾಪಿನ ಅಂಗಳಕ್ಕೆ ಬರಬೇಕಾಯಿತು.

"ಇದು ಚಂದ್ರನಿಗೆ ಹೋಗಲ್ಲ ಮಾರಾಯ್ತಿ, ಚಂದ್ರನೇ ಬಂದು ಕರ್ಕೊಂಡು ಹೋಗಬೇಕು" ಎಂದಳು ಅತ್ತೆ.

ಆಯುಧಪೂಜೆಯ ಮಧ್ಯಾಹ್ನ ಮಾವ ಸುತ್ತಿಗೆ, ಸ್ಪ್ಯಾನರು, ಕಟಿಂಗ್ ಮೆಷಿನ್ನು, ಬೀಗದ ಕೈಗಳ ಗೊಂಚಲು ಎಲ್ಲವನ್ನೂ ದೇವರ ಮುಂದೆ ಜೋಡಿಸಿ ವಿಭೂತಿ ಹಚ್ಚಿ ಹೂವು ಮುಡಿಸಿದರು. ನಮ್ಮಲ್ಲಿ ಹಾಗೆ ಪೂಜೆಗಿಟ್ಟ ಸಲಕರಣೆಯನ್ನು ಮರುದಿನ ಮತ್ತೆ ಪೂಜೆ ಮಾಡಿ ಎತ್ತುವವರೆಗೆ ಮುಟ್ಟುವಂತಿಲ್ಲ. ಗಾಡಿಗಳ ಕಥೆ ಬೇರೆ. ಅವಕ್ಕೆ ಪೂಜೆಯಾದ ಕೂಡಲೇ ಚಕ್ರದಡಿ ನಿಂಬೆಹಣ್ಣಿಟ್ಟು, ಹತ್ತಿಸಿ ಒಡೆದು, ಒಂದು ಸುತ್ತು ಓಡಿಸಬೇಕು. ಸ್ಕೂಟರಿಗೆ ಹಾಗೇ ಆಯಿತು. ರಾಕೆಟ್ಟಿಗೂ ಬಾಳೆಕಂದು ಕಟ್ಟಿ ಮೂರು ಪಟ್ಟೆ ವಿಭೂತಿ ಬಳಿದು ಮಂಗಳಾರತಿ ಎತ್ತಿದರು. ಆಮೇಲೆ ನಿಂಬೆಹಣ್ಣು ಕೈಯಲ್ಲಿ ಹಿಡಿದು ಅದರ ಸುತ್ತ ತಿರುಗತೊಡಗಿದರು.

"ಏನು ಹುಡುಕ್ತಿದೀರಾ ಮಾವ?"

"ಚಕ್ರ."

"ರಾಕೆಟ್ಟಿಗೆ ಚಕ್ರ ಇರಲ್ಲ. ಇದು ನಾಟಕದ್ದು, ನಿಂಬೆಹಣ್ಣು ಬೇಡ ಬಿಡಿ."

"ನಾಟಕ ಆದ್ರೇನು? ಒಳಗೆ ಕೂರೋಳು ನೀನಲ್ವಾ?" ಎಂದು ಹಣ್ಣನ್ನು ಬಾಗಿಲ ಕೆಳಗೆ ನೆಲದ ಮೇಲಿಟ್ಟು ಹೋದರು. ಅದು ಒಡೆಯದೆ ಉಳಿದದ್ದು ಅವರನ್ನು ಸಂಜೆಯವರೆಗೂ ಕೊರೆಯುತ್ತಿತ್ತು.

ಸಂಜೆ ನಾನು ರೇನ್‌ಕೋಟು ತೊಟ್ಟು, ಸ್ಕೂಟರಿನ ಹೆಲ್ಮೆಟ್ಟು ಹಾಕಿ, ಹೊಳಲೂರಿನ ನೆಂಟರ ತೋಟಕ್ಕೆ ಔಷಧಿ ಹೊಡೆಯುವ ಪಂಪನ್ನು ಆಮ್ಲಜನಕದ ಟ್ಯಾಂಕೆಂದು ಬೆನ್ನಿಗೇರಿಸಿ ಒಳಗೆ ಕೂತೆ. ಬಾಗಿಲು ಮುಚ್ಚಿತು. ಹೊರಗೆ ಚಿಲಕ ಎಳೆದ ಸದ್ದು, ಅದರ ಹಿಂದೆಯೇ 'ಟಿಕ್' ಎಂಬ ಇನ್ನೊಂದು ಸದ್ದು. ನಾನು ಗಮನ ಕೊಡಲಿಲ್ಲ. ಅತ್ತೆ ಸಾಂಬ್ರಾಣಿ ಹೊಗೆ ಎಬ್ಬಿಸಿದಳು, ಜನ ಹತ್ತರಿಂದ ಹಿಂದಕ್ಕೆ ಎಣಿಸಿದರು, ಒಬ್ಬರು ತಗಡು ಬಡಿದು ಗುಡುಗಿಸಿದರು. ನಾನೂ ರಾಕೆಟ್ಟೂ ಹಾರಿದೆವು. ಸ್ವಲ್ಪ ಹೊತ್ತಿಗೆ ಇಳಿದೆವು.

"ಭೂಮಿಯ ಬಂಧುಗಳೇ, ಇದೋ ನಾನು ಚಂದ್ರನ ನೆಲದ ಮೇಲೆ ಕಾಲಿಡುತ್ತಿದ್ದೇನೆ" ಎಂದು ಬಾಗಿಲು ನೂಕಿದೆ. ಬರಲಿಲ್ಲ. ಇನ್ನೊಮ್ಮೆ ಹೇಳಿ ನೂಕಿದೆ. ಚಂದ್ರಲೋಕದ ರಾಜ ಹಾರ ಹಿಡಿದು ಕಾದು, ಆಮೇಲೆ ತಾವೇ ಬಂದು ನೋಡಿದರು.

"ಅಮ್ಮಾ, ಪೂಟ್ಟು ಹಾಕಿದೆ. ಬೀಗ."

"ನಾನೇ ಹಾಕ್ದೆ," ಎಂದಿತು ಪಕ್ಕದಿಂದ ಮಾವನ ಧ್ವನಿ. "ಅಷ್ಟು ಮೇಲೆ ಹೋಗೋವಾಗ ಬಾಗಿಲು ಬಿಚ್ಕೊಂಡ್ರೆ?"

"ತೆಗೀರಿ ಮಾವ."

"ಒತ್ತಿದ್ರೆ ಬೀಳೋ ಬೀಗ ಅದು, ಹಾಕೋಕೆ ಕೀ ಬೇಡ. ತೆಗಿಯೋಕೆ ಬೇಕು." ಜೇಬು ತಡಕಿಕೊಂಡು ಹೇಳಿದರು, "ಕೀ ಪೂಜೇಲಿದೆ."

ಸುತ್ತಿಗೆಯೂ ಪೂಜೆಯಲ್ಲಿ, ಕಟಿಂಗ್ ಮೆಷಿನ್ನೂ ಪೂಜೆಯಲ್ಲಿ. ಇಡೀ ಬೀದಿಯ ಸ್ಕ್ರೂ ಡ್ರೈವರುಗಳು ಅವತ್ತು ಹೂವು ಮುಡಿದು ಕೂತಿದ್ದವು. ನೋಡುತ್ತಿದ್ದ ಜನ ಇದನ್ನೂ ನಾಟಕವೆಂದೇ ತಿಳಿದು ಚಪ್ಪಾಳೆ ಹೊಡೆದರು. ನಮ್ಮ ನಂತರ ಆರ್ಕೆಸ್ಟ್ರಾ ಇತ್ತು. ಸಂಘದವರು, "ಸಾಕು, ರಾಕೆಟ್ಟು ವಾಪಸ್ ಹೋಯ್ತು ಅಂತ ಮುಗಿಸಿಬಿಡಿ, ಅಕ್ಕನ್ನ ಬೆಳಿಗ್ಗೆ ತೆಗೆಯೋಣ" ಎಂದರು. ನನಗೆ ಅಳುವೇ ಬಂತು. ಚಂದ್ರನವರೆಗೆ ಬಂದು ಇಳಿಯದೆ ಹೋಗುವುದೆಂದರೇನು? ತಗಡನ್ನು ಎರಡೂ ಕೈಯಲ್ಲಿ ಬಡಿದೆ. ಮಾವ ತೂತಿನ ಹತ್ತಿರ ಬಾಯಿಟ್ಟು, "ನಾಳೆ ಪೂಜೆ ಬೇಗ ಮಾಡ್ತೀನಿ ಪುಟ್ಟಿ. ತಿಂಡಿ ಅಲ್ಲಿಗೇ ಕೊಡ್ತೀನಿ" ಎಂದರು.

ಆಗ ಅತ್ತೆ ಸಾಂಬ್ರಾಣಿ ತಟ್ಟೆ ಕೆಳಗಿಟ್ಟು ಬಂದಳು.

"ರೀ, ಸ್ಕೂಟರ್ ಕೀಗೂ ಮಧ್ಯಾಹ್ನ ಪೂಜೆ ಆಯ್ತಲ್ಲ? ಆಮೇಲೆ ತಗೊಂಡು ಓಡಿಸಿದ್ರಿ."

"ಅದು ಗಾಡಿ ಕೀ. ಗಾಡಿ ಓಡಿಸ್ಬೇಕು."

"ಈ ರಾಕೆಟ್ಟೇನು, ರುಬ್ಬೋ ಕಲ್ಲಾ?"

ಮಾವ ಯೋಚಿಸಿದರು. ತೂತಿನಿಂದ ನೋಡಿದರೆ ಅವರ ಮುಖ ನಿಧಾನವಾಗಿ ಅರಳುತ್ತಿತ್ತು. ಒಳಗೋಡಿ, ದೇವರಿಗೆ ಕೈಮುಗಿದು, ಕುಂಕುಮ ಮೆತ್ತಿದ ಗೊಂಚಲನ್ನು ತಂದು ಬೀಗ ತೆಗೆದರು.

ಅಷ್ಟು ಹೊತ್ತು ಮಡಚಿ ಕೂತದ್ದಕ್ಕೆ ನನ್ನ ಕಾಲು ಪೂರ್ತಿ ಜೋಮು ಹಿಡಿದಿತ್ತು. ಕಲಿತ ಹೆಜ್ಜೆಯೆಲ್ಲ ಮರೆತುಹೋಯಿತು. ಕಾಲು ಎಲ್ಲಿದೆಯೆಂದೇ ತಿಳಿಯದೆ ತಡಕಾಡುತ್ತಾ, ಓಲಾಡುತ್ತಾ ಅದನ್ನು ಕೆಳಗಿಟ್ಟೆ. ಅದಕ್ಕಿಂತ ಚೆನ್ನಾಗಿ ಯಾರೂ ತೇಲಲಾರರು ಎಂದು ಎಲ್ಲರೂ ಆಮೇಲೆ ಹೇಳಿದರು. ನನ್ನ ಬೂಟಿನಡಿ ಏನೋ ಪಚಕ್ಕನೆ ಒಡೆಯಿತು. ನಿಂಬೆಹಣ್ಣು.

ಜನ ಶಿಳ್ಳೆ ಹಾಕುತ್ತಿದ್ದರು, ರಾಜ ಹಾರ ಹಾಕಲು ಬರುತ್ತಿದ್ದರು. ಮಾವ ಅವರನ್ನು ಪಕ್ಕಕ್ಕೆ ಸರಿಸಿ ಬಂದು, ಬಗ್ಗಿ, ಹಣ್ಣು ಸರಿಯಾಗಿ ಒಡೆದಿದೆಯೇ ಎಂದು ನೋಡಿದರು. ನಾಟಕ ಮುಗಿಯುತ್ತಾ ಬಂದಿದೆ ಎಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಎದ್ದುನಿಂತು ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದು ಬಿಗಿ ಮಾಡಿದರು. ಕಣ್ಣು ತುಂಬಿತ್ತು.

"ಇನ್ನು ಭಯ ಇಲ್ಲ ಪುಟ್ಟಿ," ಎಂದರು. "ಹೋಗಿ ಬಾ."

ನಾನು ಆಗಲೇ ಚಂದ್ರನ ಮೇಲೆ ನಿಂತಿದ್ದೆ. ಆದರೂ, "ಹೋಗಿ ಬರ್ತೀನಿ ಮಾವ" ಎಂದೆ.