ಬ್ರಾಂದಿ ಬಾಟಲಿಯ ತೆಂಗಿನೆಣ್ಣೆ

ಆಗ ಮಂಗಳೂರಿನ ದಕ್ಕೆಯಿಂದ ಲಕ್ಷದ್ವೀಪಕ್ಕೆ ಹಡಗು ಹೋಗುತ್ತಿತ್ತು. ಬೆಳಗಿನ ಮಂಜಿನಲ್ಲಿ ಅದು ನೀರು ಬಿಟ್ಟು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದಾಗ ಪೊಲೀಸರೊಬ್ಬರು ನನ್ನ ಪೆಟ್ಟಿಗೆಯಿಂದ ಬಾಟಲಿ ಎತ್ತಿದರು.

"ಇದೆಂತ ಅಕ್ಕ, ಬ್ರಾಂದಿಯಾ? ದ್ವೀಪಕ್ಕೆ ಶರಾಬು ತಕೊಂಡು ಹೋಗ್ಲಿಕ್ಕಿಲ್ಲ."

"ಬಾಟಲಿ ಮಾತ್ರ ಬ್ರಾಂದಿಯದ್ದು. ಒಳಗೆ ತೆಂಗಿನೆಣ್ಣೆ ಉಂಟು."

ನಮ್ಮಲ್ಲಿ ಎಣ್ಣೆಗೆ ಬೇರೆ ಬಾಟಲಿ ಯಾರ ಮನೆಯಲ್ಲಿತ್ತು?

"ಲೇಬಲ್ ಓದಿದ್ದೀರಾ?"

"ಓದ್ಲಿಕ್ಕೆ ಬರ್ತದೆ, ನಾನೇ ಕಲಿತದ್ದು. ನೀವು ಮೂಸಿ ನೋಡಿ."

"ಬಿಸಾಡಿ, ಇಲ್ಲದಿದ್ರೆ ಇಲ್ಲೇ ಉಳೀರಿ."

ಜೆಪ್ಪುವಿನಲ್ಲಿ ನಾನೇ ದುಡಿದು ಕೊಂಡ ಜಾಗ, ನಾನೇ ನೆಟ್ಟ ಮರ, ಅದರ ಮೊದಲ ಎಣ್ಣೆ. ದ್ವೀಪದಲ್ಲಿ ಟೀಚರಾಗಿದ್ದ ಗೆಳತಿಗೆಂದು ತೆಗೆದಿಟ್ಟದ್ದು.

"ಉಳೀತೇನೆ" ಎಂದು ಪೆಟ್ಟಿಗೆಯ ಮೇಲೆ ಕುಳಿತೆ.

ಹಡಗು ಕೂಗಿತು. ಅವರು ಬಿರಡೆ ತೆಗೆದು ಅಂಗೈಗೆ ಸುರಿದು ಮೂಸಿದರು. ಟೊಪ್ಪಿ ಎತ್ತಿ ನೆತ್ತಿಗೆ ತಿಕ್ಕಿಕೊಂಡರು.

"ಹೋಗಿ ಮಾರಾಯ್ರೆ."

ಮರುದಿನ ನೀಲಿಯ ನಡುವೆ ದ್ವೀಪ ತೇಲಿ ಬಂತು. ಗೆಳತಿ ದಡದಲ್ಲಿ ಕೈಬೀಸುತ್ತಿದ್ದಳು. ಅವಳ ಹಿಂದೆ ಕಣ್ಣು ಹಾಯುವಷ್ಟೂ ತೆಂಗಿನ ಮರಗಳು. ನಾನು ಬಾಟಲಿಯನ್ನು ಮೆಲ್ಲಗೆ ಸೀರೆಗಳ ಕೆಳಗೆ ತುರುಕಿದೆ. ಆದರೂ ಅವಳಿಗೆ ಕೊಡದೆ ಮಾತ್ರ ವಾಪಸು ಬರಲಿಲ್ಲ.