ಅಳಿಯನಿಗೆ ಇಂಗ್ಲೀಷು ಕೇಳಿದ ಮಾಸ್ತರರು

ಸವಣೂರಿನಲ್ಲಿ ನಮ್ಮ ಮನೆಗೂ ಬಸವಣ್ಣೆಪ್ಪ ಮಾಸ್ತರರ ಮನೆಗೂ ನಡುವೆ ಒಂದೇ ಗೋಡೆ. ಅವರು ಊರಿನ ಶಾಲೆಯಲ್ಲಿ ಇಂಗ್ಲೀಷು ಕಲಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಇಂಗ್ಲೀಷು ಯಾಕೆ ಎಂದು ಊರೆಲ್ಲ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಮಗಳು ವೀರವ್ವನನ್ನೂ, ಅವಳ ಗೆಳತಿಯಾದ ನನ್ನನ್ನೂ ಸಂಜೆ ಪಡಸಾಲೆಯಲ್ಲಿ ಕೂಡಿಸಿಕೊಂಡು ಕಲಿಸಿದ ಪುಣ್ಯಾತ್ಮರು. ಕೋಟಿನ ಗುಂಡಿ ತಪ್ಪಿ ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದ ಈ ಮನುಷ್ಯ ಇಂಗ್ಲೀಷಿನ ಮೂರು ಪುಟ್ಟ ಶಬ್ದಗಳ ವಿಷಯದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ಎ, ಆ್ಯನ್, ದಿ.

"ನಮ್ಮ ಭಾಷಾದಾಗ ಇವು ಇಲ್ಲ. ಅದಕ್ಕ ನಮ್ಮ ಮಂದಿ ಇವನ್ನ ಬಿಟ್ಟರ ಬಿಟ್ಟಬಿಡ್ತಾರ, ಇಲ್ಲಂದ್ರ ಸಿಕ್ಕಲ್ಲೆಲ್ಲಾ ತುರಕ್ತಾರ" ಎಂದು ಹಲುಬುತ್ತಿದ್ದರು.

ಪಾಠಕ್ಕೆ ಅವರು ಇಟ್ಟುಕೊಳ್ಳುತ್ತಿದ್ದುದು ತೋಟದಿಂದ ಬಂದ ವೀಳ್ಯದೆಲೆಯ ಕಟ್ಟು. "ಒಂದು ಎಲಿ ಕೊಡು" ಎಂದರೆ ಯಾವುದನ್ನು ಕೊಟ್ಟರೂ ನಡೆಯುತ್ತದೆ, ಅಲ್ಲಿ ಎ. ಆ ಎಲೆಗೆ ಸುಣ್ಣ ಹಚ್ಚಿ ಪಕ್ಕಕ್ಕಿಟ್ಟು "ಆ ಎಲಿ ಕೊಡು" ಎಂದರೆ ಬೇರೆಯದನ್ನು ಕೊಡುವಂತಿಲ್ಲ, ಅಲ್ಲಿ ದಿ. ಸೂರ್ಯ ಇರುವವನೇ ಒಬ್ಬ, ಅವನಿಗೂ ದಿ. ಆ್ಯನ್ ಬಂದಾಗ, "ಕಣ್ಣಿಲೆ ಬರೀಬ್ಯಾಡ್ರಿ, ಕಿವೀಲೆ ಬರೀರಿ" ಎನ್ನುತ್ತಿದ್ದರು. ಸ್ವರ ಕೇಳಿಸಿದರೆ ಆ್ಯನ್, ಅಕ್ಷರ ಯಾವುದಿದ್ದರೂ ಸರಿ. ಹೀಗಾಗಿ ತಾಸಿಗೆ ಆ್ಯನ್ ಅವರ್, ಆದರೆ ಎ ಯೂನಿವರ್ಸಿಟಿ. ಪಾಠ ಮುಗಿಯುವ ಹೊತ್ತಿಗೆ ಉದಾಹರಣೆಗಳೆಲ್ಲ ಮಾಸ್ತರರ ಬಾಯಿ ಸೇರಿರುತ್ತಿದ್ದವು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ವೀರವ್ವನಿಗೆ ವರ ನೋಡತೊಡಗಿದಾಗ ಈ ಮನುಷ್ಯ ಬಂದ ಗಂಡುಗಳಿಗೂ ಇದೇ ಪರೀಕ್ಷೆ ಇಟ್ಟರು. ಹಿರೇಕೆರೂರಿನಿಂದ ಅರಳೆ ವ್ಯಾಪಾರಿಯ ಮಗ ಅಜ್ಜಪ್ಪ ಬಂದ. ಮ್ಯಾಟ್ರಿಕ್ ಓದಿದವ, ರೇಶಿಮೆ ರುಮಾಲಿನವ. "ನಿಮ್ಮ ಮನೀ ಬಗ್ಗೆ ಇಂಗ್ಲೀಷನ್ಯಾಗ ನಾಕ ಮಾತ ಹೇಳ್ರಿ" ಎಂದರೆ ಒಂದು ಕಡೆಯೂ ಎ ಇಲ್ಲ, ದಿ ಇಲ್ಲ. ಅವನು ಹೋದ. ಆಡೂರಿನಿಂದ ಬಂದವನು ಯಾರಿಂದಲೋ ಸುದ್ದಿ ತಿಳಿದುಕೊಂಡು ತಯಾರಾಗಿ ಬಂದಿದ್ದ; ಪಾಪ, ಹೊಲಕ್ಕೆ, ಎಮ್ಮೆಗೆ, ಹಡೆದ ತಾಯಿಯ ಹೆಸರಿಗೂ ದಿ ಹಚ್ಚಿಬಿಟ್ಟ. ಅವನೂ ಹೋದ.

ವೀರವ್ವನಿಗೆ ತಾಯಿಯಿರಲಿಲ್ಲ. ಅವಳನ್ನು ಸಾಕಿದ ಅಜ್ಜಿ ಫಕ್ಕೀರವ್ವ ಮಗನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. "ಏನೋ, ಹುಡುಗಿ ಸಂಸಾರ ಮಾಡೂದು ಇಂಗ್ಲೀಷನ್ಯಾಗೇನು? ಅಕಿನ್ನ ಮನ್ಯಾಗ ಇಟಗೊಂಡು ಉಪ್ಪಿನಕಾಯಿ ಹಾಕ್ತಿ ಏನು?" ಮಾಸ್ತರರು ಕೇಳಿಸದವರ ಹಾಗೆ ಎಲೆಯ ನಾರು ಬಿಡಿಸುತ್ತ ಕೂತುಬಿಡುತ್ತಿದ್ದರು. ನನಗೂ ಅವರ ಮೇಲೆ ಸಿಟ್ಟು ಬರುತ್ತಿತ್ತು. ಹೀಗೇ ಆದರೆ ವೀರವ್ವನಿಗೆ ಮದುವೆಯೇ ಆಗುವುದಿಲ್ಲವೆಂದು ಓಣಿಯ ಹೆಂಗಸರು ಆಗಲೇ ಆಡಿಕೊಳ್ಳುತ್ತಿದ್ದರು.

ಮೂರನೆಯವನು ಉಳವಪ್ಪ, ಯಲವಿಗಿ ಸ್ಟೇಶನ್ನಿನಲ್ಲಿ ಟಿಕೀಟು ಕೊಡುವ ಕಾರಕೂನ. ನಾನೂ ವೀರವ್ವನೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆವು. ಮಾಸ್ತರರು ಕೇಳಿದ್ದಕ್ಕೆ ಅವನು ಎದೆಯುಬ್ಬಿಸಿ, "ಐ ಆ್ಯಮ್ ಕ್ಲರ್ಕ್" ಎಂದ.

"ಏನೋ ಬಿಟ್ರಿ ನೋಡ್ರಿ" ಎಂದರು ಮಾಸ್ತರರು.

ಅವನು ಗಾಬರಿಯಾಗಿ ತಲೆ ಮುಟ್ಟಿಕೊಂಡ; ಟೊಪ್ಪಿಗೆ ಇತ್ತು. ಕೂತಲ್ಲಿಯೇ ಹಿಂದೆ ಮುಂದೆ ತಡಕಾಡಿದ, ಕೊಡೆಯೂ ಇತ್ತು. ವೀರವ್ವ ತಡೆಯಲಾರದೆ ಕಿಸಕ್ಕನೆ ನಕ್ಕಳು. ಅವನಿಗೆ ಸಿಟ್ಟು ಬರಬಹುದು ಅಂದುಕೊಂಡೆ. ಅವನು ಬಾಗಿಲ ಕಡೆ ನೋಡಿ ತಾನೂ ಮನಸಾರೆ ನಕ್ಕುಬಿಟ್ಟ. ಆಮೇಲೆ ಅವಳು ಚಹಾ ಕೊಡಲು ಹೋದಾಗಲೂ ಇಬ್ಬರೂ ನಗು ತಡೆದುಕೊಂಡೇ ಇದ್ದರು.

ಆದರೆ ಪರೀಕ್ಷೆಯಲ್ಲಿ ನಪಾಸಾದವನು ನಪಾಸೇ. ಮರುದಿನ ಮಾಸ್ತರರು ಸಂತೆಗೆ ಬಂದ ಯಲವಿಗಿಯವರೊಬ್ಬರ ಕೈಯಲ್ಲಿ ಬೇಡವೆಂದು ಹೇಳಿಕಳಿಸಲು ಹೊರಟರು. ಹೊಸಿಲ ಹತ್ತಿರ ನಿಂತು ನೆನಪು ಮಾಡಿಕೊಂಡರು.

"ವೀರವ್ವಾ, ನಿನ್ನೆ ಬಂದಿದ್ದನಲ್ಲ, ಆ ಹುಡುಗನ ಹೆಸರೇನವಾ?"

ನನ್ನ ಮತ್ತು ಅಜ್ಜಿಯ ಜೊತೆ ಜೋಳ ಹಸನು ಮಾಡುತ್ತಿದ್ದ ವೀರವ್ವ ಮೊರವನ್ನು ಇನ್ನಷ್ಟು ಜೋರಾಗಿ ಕೇರಿದಳು.

"ಹಿರೇಕೆರೂರಿನವನ ಹೆಸರಾದ್ರೂ ನೆನಪೈತಿಲ್ಲ?"

"ಅಜ್ಜಪ್ಪ."

"ಮತ್ತ ಯಲವಿಗಿಯವಂದು? ಗೊತ್ತಿಲ್ಲೇನು?"

"ಗೊತ್ತೈತಿ."

"ಗೊತ್ತಿದ್ರ ಹೇಳು."

ವೀರವ್ವ ಮೊರದೊಳಗೆ ಮುಖವಿಟ್ಟವಳ ಹಾಗೆ ಬಗ್ಗಿದಳು. "ಅವರ ಹೆಸರು ನಾ ಹೆಂಗ ಹೇಳಲಿ, ಅಪ್ಪಾ?"

ಫಕ್ಕೀರವ್ವನ ಕೈಯೊಳಗಿನ ಜೋಳ ನೆಲಕ್ಕೆ ಬಿತ್ತು. "ಕೇಳಿದೇನೋ ಬಸವಣ್ಣೆಪ್ಪಾ? ಹೆಣ್ಮಕ್ಕಳು ಯಾರ ಹೆಸರು ಬಾಯಿಲೆ ಅನ್ನೂದಿಲ್ಲ ಅಂತ ನಿನಗ ನಾ ಹೇಳಬೇಕೇನು?"

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಇವಳು ಅಕ್ಷತೆ ಬೀಳುವ ಮೊದಲೇ ಹೇಳುವುದನ್ನು ಬಿಟ್ಟಿದ್ದಳು. ಮಾಸ್ತರರು ರುಮಾಲು ಸುತ್ತಿಕೊಂಡು ಸಂತೆಗೆ ಹೋಗದೆ, ಗಾಡಿ ಕಟ್ಟಿಸಿಕೊಂಡು ತಾವೇ ಯಲವಿಗಿಗೆ ಹೋದರು.

ಅಲ್ಲಿ ನಡೆದದ್ದನ್ನು ಉಳವಪ್ಪನೇ ಮುಂದೆ ನಮಗೆ ಹೇಳಿದ್ದು. ಕಿಟಕಿಯಲ್ಲಿ ಮಾಸ್ತರರ ಮುಖ ಕಂಡದ್ದೇ ತಡ, ಅವನು ಟಿಕೀಟಿನ ಮಂದಿಯನ್ನೆಲ್ಲ ನಿಲ್ಲಿಸಿ, ಎದ್ದು ನಿಂತು, "ಐ ಆ್ಯಮ್ ಎ ಕ್ಲರ್ಕ್!" ಎಂದು ಕೂಗಿಬಿಟ್ಟನಂತೆ. ಬಿಟ್ಟದ್ದೇನೆಂದು ಯಾರನ್ನೋ ಕೇಳಿ ತಿಳಿದುಕೊಂಡು ಇಡೀ ರಾತ್ರಿ ಬಾಯಿಪಾಠ ಮಾಡಿದ್ದನಂತೆ, ಪಾಪ.

"ಅದು ಇರ್ಲಿ ಬಿಡ್ರಿ" ಎಂದರಂತೆ ಮಾಸ್ತರರು. "ತಪ್ಪು ನಿಮ್ಮ ಇಂಗ್ಲೀಷನ್ಯಾಗ ಇರಲಿಲ್ಲ. ನನಗ ಮಗಳನ್ನ ಕೊಡಾಕ ಮನಸ್ಸ ಇರಲಿಲ್ಲ. ಯಾರು ಬಂದಿದ್ರೂ ಒಂದು ತಪ್ಪು ಹುಡುಕ್ತಿದ್ದೆ."

ಅದನ್ನು ಕೇಳಿದ ದಿನದಿಂದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಶಾಲೆಯಿಂದ ಬಂದೊಡನೆ "ವೀರವ್ವಾ" ಎಂದು ಕೂಗಿ, ಕೆಲಸವೇನೂ ಇಲ್ಲದಿದ್ದರೂ ಅವಳು ಬಂದು ನಿಲ್ಲುವ ತನಕ ಚಪ್ಪಲಿ ಬಿಡದ ಮನುಷ್ಯ ಅವರು.

ಮದುವೆಯಾಯಿತು. ಮಗಳನ್ನು ಕಳಿಸುವ ದಿನ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತೆವು. ಹೊರಡುವ ಮೊದಲು ಹುಡುಗಿ ಪ್ರಾಸ ಕೂಡಿಸಿ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳಬೇಕು. ಉಳಿದ ಹೊತ್ತು ಹೇಳಬಾರದ ಹೆಸರನ್ನು ಆ ಹೊತ್ತಿಗೆ ಹೇಳಲೇಬೇಕು. ಹೇಳದಿದ್ದರೆ ಹೊಸಿಲು ದಾಟಲು ಬಿಡುವುದಿಲ್ಲ. ನಾನೇ ಮುಂದೆ ನಿಂತು ಎರಡೂ ಕೈಯಿಂದ ಚೌಕಟ್ಟು ಹಿಡಿದಿದ್ದೆ.

ಒಡಪಿನಲ್ಲಿ ವೀರವ್ವ ಗಟ್ಟಿಗಿತ್ತಿ. ಆವತ್ತು ತುಟಿ ಬಿಚ್ಚಲಿಲ್ಲ. ನಾಚಿಕೆ ಎಂದು ಎಲ್ಲರೂ ನಕ್ಕರು. ಹೊರಗೆ ಗಾಡಿಯ ಎತ್ತುಗಳು ಗೆಜ್ಜೆ ಅಲುಗಿಸುತ್ತಿದ್ದವು. ನಾನು ಅವಳ ಮುಖ ನೋಡಿದೆ, ನಾಚಿಕೆಯಲ್ಲ ಅದು. ಹೆಸರು ಹೇಳುವ ತನಕ ಅವಳು ಈ ಮನೆಯೊಳಗೇ ಇರಬಹುದಿತ್ತು.

ಮಾಸ್ತರರಿಗೂ ಅದು ತಿಳಿಯಿತು. ಗೋಡೆಗೆ ಆತು ನಿಂತಿದ್ದವರು ಹತ್ತಿರ ಬಂದು ಮಗಳ ತಲೆಯ ಮೇಲೆ ಕೈಯಿಟ್ಟರು.

"ಹೇಳವಾ" ಎಂದರು. "ಹೊತ್ತಾಗತೈತಿ. ಹೇಳು."

ವೀರವ್ವ ಕಣ್ಣು ಒರೆಸಿಕೊಂಡು ಹೇಳಿದಳು:

"ಯಲವಿಗಿ ಟೇಶನ್ನಿಗೆ ರೈಲು ಬರತಾವ ಹೊತ್ತ ಹೊತ್ತಿಗೆ,
ಉಳವಪ್ಪನವರ ಹೆಸರ ಹೇಳತೇನಿ ನಮ್ಮಪ್ಪನ ಮಾತಿಗೆ."

ನಾನು ಚೌಕಟ್ಟಿನಿಂದ ಕೈ ತೆಗೆದೆ.